ಪಿಚ್

ಸ್ಕಾಟ್ಲೆಂಡಿನ ಬಕಿ ಬಂದರು, ಆಸ್ಪತ್ರೆ.
ಹನ್ನೊಂದು ದಿನ ತುಟಿ ಬಿಚ್ಚದ ಅಪ್ಪ
ಶುಕ್ರವಾರ ರಾತ್ರಿ ಒಂದೇ ಒಂದು ಮಾತಾಡಿದ:
ಪಿಚ್.

"ಇಳಿಜಾರು" ಅಂದ ಅಣ್ಣ ಡೂಗಲ್,
ಮನೆಗಳಿಗೆ ಸೂರು ಹೊದಿಸುವವನು.
ಹಿತ್ತಲ ಷೆಡ್ಡಿನ ಸೂರಿಗೆ ಇಳಿಜಾರು ಸಾಲದೆಂದು
ಮೂವತ್ತು ವರ್ಷ ಅಪ್ಪನೊಡನೆ ಜಗಳವಾಡಿದವನು.
ಈಗ ಒಪ್ಪಿಕೊಂಡ ಮುದುಕ ಎಂದು
ಕಣ್ಣೊರೆಸಿಕೊಂಡ.

ಅವನ ಮಗ ಫೋನಿನಿಂದ ತಲೆಯೆತ್ತದೆ
"ಫುಟ್‌ಬಾಲ್ ಮೈದಾನ ಕಣಪ್ಪಾ. ನಾಳೆ ಮ್ಯಾಚಿದೆ."

ಸಂತೆಯಲ್ಲಿ ಮೀನು ಮಾರುವ ಎಫಿ ಅತ್ತೆಗೆ
ತಾನು ಕೂರುವ ಮೂಲೆಗಟ್ಟೆಯದೇ ಚಿಂತೆ:
"ಯಾರಾದರೂ ನುಂಗಿದರಾ ಅದನ್ನ?"

ನಾನು ಪಿಯಾನೊಗಳಿಗೆ ಶ್ರುತಿ ಕೂಡಿಸುವವಳು.
ತಲೆದೆಸೆಯ ಯಂತ್ರದ ಗುಂಯ್‌ಗಾಟ
ಕೂದಲೆಳೆಯಷ್ಟು ಇಳಿದಿತ್ತು.
ಅಪ್ಪನಿಗೂ ಕೇಳಿಸಿತಲ್ಲ,
ನನ್ನ ಕಿವಿ ಅವನದೇ ಎಂದು ಹಿಗ್ಗಿದೆ.
ಹಿಗ್ಗಿದ್ದಕ್ಕೆ ನಾಚಿಕೆಯೂ ಆಯಿತು.

ಅಮ್ಮ ಏನೂ ಅನ್ನಲಿಲ್ಲ.
ಅವನ ಬೆರಳು ಮೂಸಿದಳು.
ದೋಣಿಯ ಹಲಗೆ ಸಂದಿಗೆ
ಐವತ್ತು ವರ್ಷ ಕಾಸಿ ಹೊಯ್ದ ಕರಿ ರಾಳ
ಉಗುರಿನ ಬುಡದಲ್ಲಿ ಇನ್ನೂ ಇದೆಯೋ ಎಂಬಂತೆ.

ಬರೀ ಸಾಬೂನಿನ ವಾಸನೆ.

ಕಿಟಕಿಯಾಚೆ ಆ ರಾಳದಷ್ಟೇ ಕಪ್ಪು ಕಡಲು.
ಅದನ್ನೂ ಹೇಳಿರಬಹುದು.

ಬೆಳಗ್ಗೆ, ರಾತ್ರಿಪಾಳಿ ಮುಗಿಸಿದ ನರ್ಸ್ ಗ್ರಾಸಿಂಡಾ,
ಪೋರ್ಚುಗಲ್ಲಿನವಳು,
ನಮ್ಮ ಕರಾವಳಿಯ ಉಚ್ಚಾರ ಇನ್ನೂ ಕಿವಿಗೆ ಹತ್ತದವಳು,
ಡಬ್ಬಿ ತೆರೆದು ಬಟ್ಟಲಲ್ಲಿ ತಂದಳು
ಪಾಕದಲ್ಲಿ ಮಿನುಗುವ ಪೀಚ್ ಹಣ್ಣಿನ ಹೋಳು.

"ಕೇಳಿದ್ದರಲ್ಲ, ರಾತ್ರಿ."

ನಾವೆಲ್ಲ ಬಾಯಿ ತೆರೆದೆವು, ತಿದ್ದಲು.
ಅಪ್ಪನೂ ತೆರೆದ,
ತಿನ್ನಲು.