ಮಾದರಿ

ನಾಲಗೆಯಡಿ ಇಟ್ಕೊಳ್ಳಿ, ಕಚ್ಚಬೇಡಿ ಅಂದೆ.
ಕಡ್ಡಿಯ ತುದಿಯ ಹತ್ತಿ ನೆಂದರೆ
ಹಿಡಿಯಲ್ಲಿರುವ ಪುಟ್ಟ ಕಿಟಕಿ
ನೀಲಿಯಾಗಬೇಕು.
ಆಗಲಿಲ್ಲ. ಐದು ನಿಮಿಷ. ಎಂಟು.

ಅರಳಕುಪ್ಪೆಯಿಂದ ಮೊದಲ ಬಸ್ಸಿಗೆ
ಪಾಂಡವಪುರದ ಆಸ್ಪತ್ರೆಗೆ ಬಂದವಳು ನಿಂಗಾಜಮ್ಮ,
ಚೀಟಿ ಓದಿಸಿಕೊಂಡು
ಎಲೆಅಡಿಕೆ ಕೂಡ ಮುಟ್ಟದೆ.
'ಬಾಯೇ ಒಣಗೋಗದೆ ಕಣವ್ವ.'

ಕೈಪಿಡಿಯಲ್ಲಿ ಇದಕ್ಕೆ ಉಪಾಯವಿಲ್ಲ.
ನಾನು ಕುಟ್ಟುಂಡೆಯ ಮಾತು ತೆಗೆದೆ:
ಹೊಸ ಹುಣಸೆ, ಕಲ್ಲುಪ್ಪು,
ಜೀರಿಗೆ, ಒಂದು ಚೂರು ಅಚ್ಚುಬೆಲ್ಲ,
ಒರಳಲ್ಲಿ ಜಜ್ಜಿ ಕಡ್ಡಿಗೆ ಮೆತ್ತಿ
ಮೆಲ್ಲಗೆ, ಮೆಲ್ಲಗೆ ಚೀಪೋದು...
ಅವಳ ಒಂದು ಕಣ್ಣು ಹುಳಿಗೆ ಮುಚ್ಚಿತು.
ಕಿಟಕಿ ನೀಲಿ.

ಕೊಳವೆಗೆ ಹೆಸರು ಅಂಟಿಸುವಾಗ ಕೇಳಿದಳು,
'ಎಂಜಲಲ್ವಾ, ಮುಟ್ಟೀಯಾ?'
ಕಬ್ಬು ಕಡಿಯಲು ಹೋದಲ್ಲಿ
ಬೊಗಸೆಗೆ ಮೇಲಿನಿಂದ ನೀರು ಬಿಡುತ್ತಿದ್ದರಂತೆ,
ಚೊಂಬಿಗೆ ತಾಗದ ಹಾಗೆ.

ಮಾದರಿ ಅಂತೀವಿ ಅಜ್ಜಿ.
ಐಸಿನ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ
ಮಧ್ಯಾಹ್ನದ ಗಾಡಿಗೆ ಮೈಸೂರಿಗೆ ಕಳಿಸ್ತೀವಿ,
ಅಲ್ಲಿ ದೊಡ್ಡ ಮಿಷನ್ನಲ್ಲಿ ತಿರುಗಿಸ್ತಾರೆ.

'ನಾನ್ ಮೈಸೂರ್ ನೋಡಿ ಎಸ್ಟ್ ವರ್ಸಾತೋ,
ಅದಾದ್ರೂ ನೋಡ್ಕಂಡ್ ಬರ್ಲಿ ಬುಡು.'

ಹೊರಗೆ ಮೆಟ್ಟಿಲ ಮೇಲೆ ಕೂತು
ಎಲೆಗೆ ಸುಣ್ಣ ಸವರಿದಳು.