ಮೊದಲ ಬಕೆಟ್

ಅವಸರ ಬ್ಯಾಡ ಸಾವಕ್ಕ.
ನಮ್ಮ ವಾಸ್ಕೋದ ಈ ಓಣಿಗೆ
ನಳ ಬರೂದು ಆರೂವರಿಗೆ, ಹೋಗೂದು ಏಳಕ್ಕ.
ಮೊದಲ ಬಕೆಟ್ ತುಂಬಿಸು, ಆಮ್ಯಾಲೆ ಡಬ್ಬಿ ಮುಟ್ಟು.
ಸಿಡಿದ ಮ್ಯಾಲೆ ನೀರು ಹುಡಕಾಕ ಹೊಂಟ್ರ
ತೊಗಲು ಕಾಯಂಗಿಲ್ಲ.

ಪಿಯೆದಾದ್ ಬಾಯಿ ಶಿರ್ಕಾ ಹಿಡ್ಕೊಂಡು ಓಡಿ ಬರ್ತಾಳ,
ಅವರ ಮನ್ಯಾಗ ಎಲ್ಲಾದಕ್ಕೂ ತೆಂಗಿನ ಶಿರ್ಕಾನ ಔಷಧ.
ಬ್ಯಾಡ ಅನ್ನು. ಮೀನಿಗೆ ಇಟ್ಕೊ ಬಾಯಿ ಅನ್ನು.
ಕೈಗೆ ನೀರು, ಬರೇ ನೀರು,
ಸಾಕು ಅನಿಸಿದ ಮ್ಯಾಲೂ ನೀರು.

ನೀರಿನಾಗ ಸೋಡಾ ಹಾಕೂದು, ಸೋಡಾದ ಮ್ಯಾಲೆ ನೀರಲ್ಲ.
ಹೊಸ ಸೊಸಿ ಹೊಸ್ತಲ ದಾಟಿದಂಗ, ಮೆಲ್ಲಕ.
ತಣ್ಣೀರ ಇರ್ತೈತಿ, ಕೆಳಗ ಬೆಂಕಿ ಇರಂಗಿಲ್ಲ,
ಆದ್ರೂ ಡಬರಿ ಸುಡ್ತೈತಿ, ಹೊಗಿ ಏಳ್ತೈತಿ.
ಮುಖ ಆ ಕಡೆ ತಿರುವು. ಕಿಟಕಿ ತೆಗಿ.
ಸಮುದ್ರದ ಗಾಳಿ ಪುಕ್ಕಟೆ ಬರ್ತೈತಿ, ಬರಲಿ.

ಡಬ್ಬಿಗೆ ಮಾತ್ರ ಅದ ಗಾಳಿ ವೈರಿ.
ಜೂನಿನಾಗ ಇಲ್ಲಿ ಗ್ವಾಡಿ ಬೆವರ್ತೈತಿ, ಉಪ್ಪು ಬೆವರ್ತೈತಿ,
ಸೋಡಾ ಗಾಳಿಯಾಗಿನ ನೀರು ಕುಡದು ಕುಡದು
ಗಡ್ಡಿ ಕಟ್ಟಿ, ತಕ್ಕಡ್ಯಾಗ ಸುಳ್ಳು ಹೇಳ್ತೈತಿ.

ಹೋದ ವರ್ಷ ಉಪ್ಪಿನಕಾಯಿ ಬಾಟ್ಲಿಯಾಗ ಇಟ್ಟಿದ್ದೆ. ನನ್ನ ತಪ್ಪು.
ಬಂದರಿನ ಕೆಲಸ ಮುಗಿಸಿ ಬಂದ ಮೈದುನ ದುರಗಪ್ಪ
ಸಕ್ರಿ ಅಂತ ತಿಳದು ಎರಡು ಚಮಚ ಚಾಕ್ಕ ಹಾಕಿದ.
ಅಲ್ಯುಮಿನಿಯಂ ಪಾತ್ರಿ ಬುಸ್ ಅಂತು,
ಉಕ್ಕಿ ಉಕ್ಕಿ ಒಲಿ ಆರಿತು, ತಳ ಕರ್ರಗಾತು.
ಸಂತ್ಯಾಗ ತಂದ ಹಳೇ ಪಾತ್ರಿ,
ಅವನ ಗಂಟಲಿನ ಬದಲಿ ತಾ ಸುಟ್ಕೊಂತು.
ಒಗದಿಲ್ಲ ಅದನ್ನ. ಅಗೋ, ಮೊಳಿಗೆ ಐತಿ.
ಸಾಬಾನಿಗೆ ಮಾತ್ರ ಇಳಸಬ್ಯಾಡ.

ಈಗ ದಪ್ಪ ಪ್ಲಾಸ್ಟಿಕ್ ಡಬ್ಬಿ, ತಿರುಪಿನ ಮುಚ್ಚಳ,
ಮ್ಯಾಲೆ ಕನ್ನಡದಾಗ 'ವಿಷ' ಅಂತ ಬರದೇನಿ,
ಬಾಜೂಕ ಬಾಯಿ ತನ್ನ ಇಂಗ್ಲೀಷ್ ಅಕ್ಷರದ ಕೊಂಕಣಿಯಾಗ 'ವೀಖ'.
ನಿನಗ ಎರಡೂ ಓದಾಕ ಬರಂಗಿಲ್ಲ, ಗೊತ್ತೈತಿ,
ಅದಕ್ಕ ಕೆಂಪು ಅರಿವಿ ಬಿಗದೇನಿ.
ಮ್ಯಾಲಿನ ಮನಿ ಹುಡುಗ ದೇವರಂತ ತಿಳದು
ದೂರದಿಂದನ ಕೈ ಮುಗದು ಹೋತು.
ಹೋಗ್ಲಿ ಬಿಡು. ನಮಗ ಬೇಕಾದದ್ದು ಆ ದೂರ.

ಬಳಿ ತೆಗದಿಡು. ಕೈಗವಸು ಹಾಕ್ಕೊ, ಕನ್ನಡಕ ಹಾಕ್ಕೊ.
ಕೊಬ್ಬರಿ ಎಣ್ಣಿ ಜೋಡಿ ಬೆರತು
ನಾಕು ವಾರ ಹಲಗಿ ಮ್ಯಾಲೆ ಕುಂತ್ರ
ಇದ ಉರಿ, ಕೂಸಿನ ಬೆನ್ನಿಗೆ ಹಚ್ಚೂವಷ್ಟು ಮೆತ್ತಗಾಗ್ತೈತಿ.
ನಂಬಿಕಿ ಬರಂಗಿಲ್ಲಲ್ಲ?
ನನಗೂ ಪ್ರತಿ ಸಲ ಬರಂಗಿಲ್ಲ.

ನಳ ನಿಂತಂಗಾತು ನೋಡು.
ಬಕೆಟ್ ಎಷ್ಟು ತುಂಬೇತಿ?
ಅರ್ಧನಾ?

ಹಂಗಾರ ಇವತ್ತು ಬ್ಯಾಡ.