ಒಳಅಂಚು

ಹದಿನಾಲ್ಕು ಚಳಿಗಾಲ ಅವನ ಸ್ಕೇಟಿಗೆ ಸಾಣೆ ಹಿಡಿದಿದ್ದೇನೆ.
ಮುಖ ನೋಡಿದ್ದು ಕಮ್ಮಿ, ಕಾಲು ನೋಡಿದ್ದೇ ಹೆಚ್ಚು.
ಒರೆಸ್ಟ್ ಹ್ನಾತ್ಯುಕ್. ಇಪ್ಪತ್ತಾರನೇ ನಂಬರು, ಡಿಫೆನ್ಸ್, ಎಡಬದಿ.
ಎಡಗಾಲು ಬಲಗಾಲಿಗಿಂತ ಅರ್ಧ ಸೈಜು ದೊಡ್ಡದು.
ಪಕ್ಕಿಗೆ ಅಡ್ಡ ಕೊಟ್ಟು ಮುರಿದ ಮೂಳೆ,
ಇವನು ಆಟ ಬಿಡಲಿಲ್ಲವಲ್ಲ,
ತನಗೆ ತೋಚಿದ ಹಾಗೆ ಕೂಡಿಕೊಂಡಿತ್ತು.

ಗೋಲು ಹೊಡೆಯುವವರ ಬ್ಲೇಡು ಮೂತಿಯಲ್ಲಿ ಸವೆಯುತ್ತದೆ;
ಸದಾ ಎಲ್ಲಿಗೋ ಹೊರಟವರು ಅವರು.
ಇವನದು ಒಳಅಂಚಿನಲ್ಲಿ, ಉದ್ದಕ್ಕೂ.
ಹಿಂದಕ್ಕೆ ಜಾರುವವನ ಸವಕಳಿ ಅದು.
ಎದುರು ಬರುವವನ ಎದೆಗೂಡಿಗೆ ಕಣ್ಣು ನೆಟ್ಟು
(ಕಣ್ಣು ಸುಳ್ಳು ಹೇಳುತ್ತೆ ಅರ್ಮಾನ್, ಕೋಲೂ ಹೇಳುತ್ತೆ,
ಎದೆ ಮಾತ್ರ ಹೋಗೋ ಕಡೆಗೇ ಹೋಗುತ್ತೆ ಅನ್ನುತ್ತಿದ್ದ)
ಹಿಂದಿನ ಬಲೆ ಎಷ್ಟು ದೂರ ಎಂದು ಬೆನ್ನಿನಲ್ಲೇ ಅಳೆಯುತ್ತ
ಹಿಂದಕ್ಕೆ, ಹಿಂದಕ್ಕೆ, ಇನ್ನೊಂದು ಚೂರು ಹಿಂದಕ್ಕೆ.
ಬದುಕಿಡೀ ಹಿಂದೆ ಸರಿದವನು,
ಒಮ್ಮೆಯೂ ಬೆನ್ನು ತೋರಿಸಿದವನಲ್ಲ.

ಮ್ಯಾನಿಟೋಬಾದ ಗೋಧಿ ಬಯಲಿನ ಹುಡುಗ.
ಅಪ್ಪ ರಾತ್ರಿ ಹಿತ್ತಲಿಗೆ ನೀರು ಬಿಟ್ಟರೆ
ಬೆಳಗಾಗುವುದರಲ್ಲಿ ರಿಂಕು.
ಅಣ್ಣ ಬೊಹ್ದಾನ್ ಹೇಳಿದನಂತೆ:
ನಾನು ಮುಂದೆ ಹೋಗ್ತೀನಿ, ನೀನು ಇಲ್ಲೇ ನಿಂತಿರು.
ಆಗ ಆರು ವರ್ಷ. ನಿಂತ.
ಮೂವತ್ತಾರರ ತನಕ ನಿಂತೇ ಇದ್ದ.
ಬೊಹ್ದಾನ್ ಈಗ ಟ್ರ್ಯಾಕ್ಟರ್ ಟೈರು ಮಾರುತ್ತಾನೆ,
ಬಂದವರಿಗೆಲ್ಲ ತಾನೇ ಕಲಿಸಿದ್ದು ಎನ್ನುತ್ತಾನೆ. ಸುಳ್ಳೇನಲ್ಲ.

ಹದಿನಾಲ್ಕು ವರ್ಷಕ್ಕೆ ಹತ್ತೊಂಬತ್ತು ಗೋಲು.
ಹಲ್ಲು ಐದು; ಎರಡು ನನ್ನ ಡಬ್ಬಿಯಲ್ಲಿವೆ,
ಸ್ಕ್ರೂಗಳ ಜೊತೆ, ಕೇಳಿಕೊಂಡು ಬರಲಿಲ್ಲ.
ಆಗಬೇಕಿದ್ದು ಆಗದೇ ಹೋದ ಗೋಲುಗಳಿಗೆ
ಯಾವ ಪುಸ್ತಕದಲ್ಲೂ ಕಾಲಂ ಇಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಮೇಲಿನ ಲೀಗಿನಿಂದ ಒಂದೇ ಸಲ ಕರೆ ಬಂತು, ಫೆಬ್ರವರಿಯಲ್ಲಿ.
ಒಂಬತ್ತು ದಿನ. ನಾಲ್ಕು ಆಟ.
ಅಲ್ಲಿನ ಸಾಣೆಯವನು ಹೇಗೆ ಬೇಕು ಎಂದನಂತೆ;
ಇವನು, ನನಗೇನು ಗೊತ್ತು, ಅರ್ಮಾನ್‌ಗೆ ಗೊತ್ತು.
ರಾತ್ರಿ ಹನ್ನೊಂದೂವರೆಗೆ ನನ್ನ ಅಡಿಗೆಮನೆಯಲ್ಲಿ ಫೋನು.
ಅರ್ಧ ಇಂಚಿನ ತೋಡು, ಎಂದೆ ಬನಿಯನ್ನಿನಲ್ಲೇ ನೆಟ್ಟಗೆ ನಿಂತು,
ಎಡಗಾಲಿನದಕ್ಕೆ ಕೈ ಹಗುರ ಇರಲಿ.
ದೊಡ್ಡ ಲೀಗಿನಲ್ಲಿ ನಾನೂ ಆಡಿದ ನಾಲ್ಕು ಆಟ ಅವು.

ಆಮೇಲೆ ಮತ್ತೆ ಬಸ್ಸು. ಸಡ್ಬರಿಯ ಕಪ್ಪು ಬಂಡೆಗಳು,
ಪೆಟ್ರೋಲ್ ಬಂಕಿನ ಸೂಪು, ಮೊಣಕಾಲಿಗೆ ಐಸಿನ ಚೀಲ,
ಐಸಿನ ಮೇಲೆ ದುಡಿದು ಬಂದವನ ಮೊಣಕಾಲಿಗೆ!

ಕೊನೆಯ ನವೆಂಬರಿನಲ್ಲಿ ಹತ್ತೊಂಬತ್ತರ ಹುಡುಗನೊಬ್ಬ
ಹೊರಬದಿಯಿಂದ ಇವನನ್ನು ಬಳಸಿ ಹೋದ,
ನೀರು ಕಲ್ಲನ್ನು ಬಳಸುವ ಹಾಗೆ. ಸಲೀಸು.
ವಿರಾಮದಲ್ಲಿ ನನ್ನ ಕೋಣೆಗೆ ಬಂದ,
ಸ್ಕೇಟು ಬಿಚ್ಚಿ ಮೇಜಿನ ಮೇಲಿಟ್ಟ.
ಬ್ಲೇಡು ಮೊಂಡಾಗಿದೆ ಅರ್ಮಾನ್.

ಮೊಂಡಾಗಿರಲಿಲ್ಲ.
ಗಂಟೆಯ ಹಿಂದೆ ನಾನೇ ಹಿಡಿದದ್ದು,
ಉಗುರಿನ ಮೇಲೆ ಎಳೆದರೆ ಸುಳಿ ಏಳುತ್ತಿತ್ತು.
ಅವನಿಗೂ ಗೊತ್ತು. ನನಗೆ ಗೊತ್ತೆಂದೂ ಗೊತ್ತು.
ಸಾಣೆ ಹಿಡಿದಷ್ಟೂ ಉಕ್ಕು ಕರಗುತ್ತದೆ,
ನಮ್ಮ ಕಸುಬಿನಲ್ಲಿ ಅದೊಂದು ಬಚ್ಚಿಡಲಾರದ ಮಾತು.
ಹೌದು, ಸ್ವಲ್ಪ ಮೊಂಡು, ಎಂದೆ.
ಚಕ್ರ ತಿರುಗಿಸಿದೆ. ಕಿಡಿ ಹಾರಿತು.
ಇಬ್ಬರೂ ಕಿಡಿಯನ್ನೇ ನೋಡಿದೆವು.

ಮೊನ್ನೆ ಶನಿವಾರ ಬಂದಿದ್ದ. ಮಗಳ ಸ್ಕೇಟು,
ಅಂಗೈಯಲ್ಲಿ ಕೂರುವಷ್ಟು, ನೇರಳೆ ದಾರ.
ತಿರುವಿ ನೋಡಿದೆ: ಮೂತಿಯಲ್ಲಿ ಸವೆದಿತ್ತು.
ಏನೂ ಹೇಳಲಿಲ್ಲ ನಾನು.
ಎಷ್ಟಾಯಿತು, ಎಂದ.
ಏಳು ಡಾಲರ್.
ಇಷ್ಟು ವರ್ಷದಲ್ಲಿ ಮೊದಲ ಸಲ ಜೇಬಿಗೆ ಕೈ ಹಾಕಿದ.
ಇಸಿದುಕೊಂಡೆ.